ಬಂದವರು ಹೋಗಲೇ ಇಲ್ಲ: ಬೆನ್ನುಹುರಿಗೆ ಪೆಟ್ಟು ಬಿದ್ದಾಗ ಬಿಳಿ ರಕ್ತಕಣಗಳು ಏನು ಮಾಡುತ್ತವೆ?

ಹಲಸಿನಕಾಯಿ ಹೆಚ್ಚುವಾಗ ಕತ್ತಿ ಬೆರಳಿಗೆ ತಾಗಿತು ಅಂತಿಟ್ಟುಕೊಳ್ಳಿ. ರಕ್ತ ಬರುತ್ತದೆ, ನಿಲ್ಲುತ್ತದೆ. ಸಂಜೆ ಹೊತ್ತಿಗೆ ಗಾಯದ ಸುತ್ತ ಕೆಂಪಾಗಿ, ಬಿಸಿಯಾಗಿ, ಸ್ವಲ್ಪ ಊದಿಕೊಂಡು ಮಿಡಿಯತೊಡಗುತ್ತದೆ. ಮೂರ್ನಾಲ್ಕು ದಿನಕ್ಕೆ ಊತ ಇಳಿದು ಹಕ್ಕಳೆ ಕಟ್ಟುತ್ತದೆ. ಎರಡು ವಾರ ಕಳೆದರೆ ಕೊಯ್ದುಕೊಂಡದ್ದು ಯಾವ ಬೆರಳು ಅಂತ ನಾವೇ ಹುಡುಕಬೇಕು.

ಆ ಕೆಂಪು, ಆ ಬಿಸಿ, ಆ ಊತ ಎಲ್ಲದರ ಹಿಂದೆ ಇರುವುದು ಬಿಳಿ ರಕ್ತಕಣಗಳು. ಮೊದಲ ತಂಡ ಬಂದು ರೋಗಾಣುಗಳನ್ನು ಕೊಲ್ಲುತ್ತದೆ. ಎರಡನೇ ತಂಡ ಬಂದು ಸತ್ತದ್ದನ್ನೆಲ್ಲ ಗುಡಿಸುತ್ತದೆ, ಹೊಸ ಚರ್ಮ ಬೆಳೆಯಲು ಸೂಚನೆ ಕೊಡುತ್ತದೆ, ಆಮೇಲೆ ಜಾಗ ಖಾಲಿ ಮಾಡುತ್ತದೆ. ಈ ಕೊನೆಯ ಕೆಲಸವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಬೆನ್ನುಹುರಿಯೊಳಗೆ ಎಡವಟ್ಟಾಗುವುದು ಅಲ್ಲೇ.

ಮಲೆನಾಡು, ಕರಾವಳಿಯ ಕಡೆ ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರ ಸುದ್ದಿ ಕೇಳದವರು ಕಡಿಮೆ. ಬೈಕ್ ಅಪಘಾತ, ಕಟ್ಟಡದ ಸಾರುವೆಯಿಂದ ಬೀಳುವುದು, ಇವೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಾದ್ಯಂತ ಒಂದೂವರೆ ಕೋಟಿಗೂ ಹೆಚ್ಚು ಜನ ಬೆನ್ನುಹುರಿಯ ಗಾಯದೊಂದಿಗೆ ಬದುಕುತ್ತಿದ್ದಾರೆ. ಅಂಥವರ ಬಗ್ಗೆ ಮಾತಾಡುವಾಗ ನಾವು ಸುಮ್ನೆ ‘ಹುರಿ ತುಂಡಾಯಿತಂತೆ’ ಅಂದುಬಿಡುತ್ತೇವೆ. ಆದರೆ ಬಹಳಷ್ಟು ಸಲ ಹುರಿ ತುಂಡಾಗಿರುವುದೇ ಇಲ್ಲ. ಸರಿದ ಮೂಳೆಯ ನಡುವೆ ಸಿಕ್ಕಿ ಜಜ್ಜಿಹೋಗಿರುತ್ತದೆ. ನಡುಭಾಗ ನುಜ್ಜುಗುಜ್ಜಾದರೂ ಅಂಚಿನಲ್ಲಿ ಒಂದಿಷ್ಟು ನರತಂತು ಉಳಿದಿರುತ್ತದೆ. ಹೀಗೆ ಉಳಿದದ್ದು ಮುಂದೆಯೂ ಉಳಿಯುತ್ತದೋ ಇಲ್ಲವೋ ಎಂಬುದು ಮುಂದಿನ ಗಂಟೆಗಳಲ್ಲಿ, ದಿನಗಳಲ್ಲಿ ತೀರ್ಮಾನವಾಗುತ್ತದೆ.

(ಇದೇ ಕಾರಣಕ್ಕೆ ಒಂದು ಮಾತು. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಆಟೋದ ಹಿಂದಿನ ಸೀಟಿಗೆ ಮಡಚಿ ತುರುಕಬೇಡಿ. ಕುತ್ತಿಗೆ, ಬೆನ್ನು ಅಲುಗದಂತೆ ಬಿದ್ದಲ್ಲೇ ಇರಲು ಬಿಟ್ಟು 108ಕ್ಕೆ ಫೋನ್ ಮಾಡಿ. ಅಲ್ಲಿರುವುದು ಅಪಾಯ ಎಂದಾದರೆ, ನಾಲ್ಕು ಜನ ಸೇರಿ ತಲೆ, ಬೆನ್ನು, ಸೊಂಟ ಒಂದೇ ನೇರಕ್ಕೆ ಇರುವ ಹಾಗೆ ಹಲಗೆ ಮೇಲೆ ಸರಿಸಿ.)

ಬೆನ್ನುಹುರಿ ಹೆಚ್ಚೆಂದರೆ ಕಿರುಬೆರಳಿನಷ್ಟು ದಪ್ಪ, ಸುಮಾರು 45 ಸೆಂಟಿಮೀಟರ್ ಉದ್ದ. ಇಷ್ಟು ಸಣ್ಣ ಜಾಗದೊಳಗೆ ಹೊರಗಿನವರಿಗೆ ಪ್ರವೇಶ ತೀರ ಕಡಿಮೆ. ಉಳಿದ ಕಡೆ ರಕ್ತನಾಳದಿಂದ ಬಿಳಿ ಕಣಗಳು ಆರಾಮವಾಗಿ ಹೊರಗೆ ನುಸುಳಿ ಓಡಾಡುತ್ತವೆ. ಮಿದುಳು, ಬೆನ್ನುಹುರಿಯಲ್ಲಿ ಮಾತ್ರ ರಕ್ತನಾಳದ ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದ ಹಾಗೆ ಇರುತ್ತವೆ. ನರಕೋಶ ಅಷ್ಟು ನಾಜೂಕು. ಸತ್ತರೆ ಅದರ ಜಾಗಕ್ಕೆ ಇನ್ನೊಂದು ಹುಟ್ಟುವುದಿಲ್ಲ. ಹಾಗಾಗಿ ಬಡಿದಾಟಕ್ಕೆ ಹೆಸರಾದ ಸೈನಿಕರನ್ನು ದೇಹ ಇಲ್ಲಿಗೆ ಸುಲಭಕ್ಕೆ ಬಿಡುವುದಿಲ್ಲ.

ಹಾಗಂತ ಒಳಗೆ ಕಾವಲು ಇಲ್ಲವೆಂದಲ್ಲ. ಮೈಕ್ರೋಗ್ಲಿಯಾ ಎಂಬ ಕೋಶಗಳಿವೆ. 1919ರಲ್ಲಿ ಸ್ಪೇನಿನ ವಿಜ್ಞಾನಿ ಪಿಯೊ ದೆಲ್ ರಿಯೊ ಒರ್ತೇಗ ಬೆಳ್ಳಿಯ ದ್ರಾವಣದಿಂದ ಬಣ್ಣ ಕಟ್ಟಿ ಇವುಗಳನ್ನು ಬೇರೆಯಾಗಿ ಗುರುತಿಸಿದರು. ಇವು ರಕ್ತದಿಂದ ಬಂದವಲ್ಲ. ಭ್ರೂಣ ಇನ್ನೂ ಪುಟ್ಟದಿರುವಾಗಲೇ ಅದರ ಹಳದಿ ಚೀಲದಲ್ಲಿ ಹುಟ್ಟಿ, ನರಮಂಡಲದೊಳಗೆ ಬಂದು ಸೇರಿ, ಅಲ್ಲೇ ಸಂಸಾರ ಹೂಡಿದವು. ಒಂದು ರೀತಿ ಮೂಲ ನಿವಾಸಿಗಳು.

ಇವು ಬಹಳ ಕಾಲ ‘ನಿದ್ದೆಯಲ್ಲಿರುವ ಕೋಶ’ ಎಂದೇ ಹೆಸರು ಪಡೆದಿದ್ದವು. 2005ರಲ್ಲಿ ಎರಡು ತಂಡಗಳು ಜೀವಂತ ಇಲಿಯ ಮಿದುಳಿನಲ್ಲಿ ಇವುಗಳ ಚಿತ್ರ ತೆಗೆದಾಗ ಆ ಹೆಸರು ಸುಳ್ಳಾಯಿತು. ನಿದ್ದೆ ಎಲ್ಲಿಂದ ಬಂತು? ಜೇಡದ ಕಾಲಿನಂಥ ಸಪೂರ ಕೈಗಳನ್ನು ಚಾಚಿ, ಹಿಂತೆಗೆದು, ಸುತ್ತಲಿನದನ್ನು ಸವರಿ ನೋಡುತ್ತಲೇ ಇದ್ದವು. ಲೇಸರ್‌ನಿಂದ ಒಂದು ಚುಕ್ಕೆಯಷ್ಟು ಜಾಗ ಸುಟ್ಟಾಗ, ಸುತ್ತಲಿನ ಮೈಕ್ರೋಗ್ಲಿಯಾಗಳು ಇದ್ದಲ್ಲಿಂದಲೇ ಕೈ ಚಾಚಿ, ಅರ್ಧ ಗಂಟೆಯೊಳಗೆ ಆ ಚುಕ್ಕೆಯನ್ನು ಎಲ್ಲ ಕಡೆಯಿಂದ ಮುಚ್ಚಿಬಿಟ್ಟವು. ಅವುಗಳನ್ನು ಕರೆದದ್ದು ಎಟಿಪಿ. ಜೀವಕೋಶ ತನ್ನೊಳಗೆ ಇಂಧನವಾಗಿ ಬಳಸುವ ಅಣು ಇದು. ಅದು ಕೋಶದ ಹೊರಗೆ ಕಂಡರೆ ಯಾವುದೋ ಕೋಶ ಒಡೆದುಹೋಗಿದೆ ಅಂತಲೇ ಅರ್ಥ. ಅಡುಗೆಮನೆಯ ಗ್ಯಾಸ್ ವಾಸನೆ ಪಡಸಾಲೆಗೆ ಬಂದರೆ ನಾವು ಎದ್ದು ಓಡುವುದಿಲ್ಲವೇ, ಹಾಗೆ.

ಬೆನ್ನುಹುರಿ ಜಜ್ಜಿದಾಗಲೂ ಮೊದಲು ಕೈ ಚಾಚುವುದು ಇವೇ. ಆದರೆ ಅಲ್ಲಿ ಒಡೆದಿರುವುದು ಒಂದು ಚುಕ್ಕೆಯಲ್ಲ, ಸಾವಿರಾರು ಕೋಶ. ಮೈಕ್ರೋಗ್ಲಿಯಾಗಳು ಹೊರಗಿನವರನ್ನು ಕೂಗುತ್ತವೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಎಂಬ ಪ್ರೋಟೀನುಗಳೇ ಆ ಕೂಗು. ರಕ್ತನಾಳಗಳೂ ಹರಿದಿರುವುದರಿಂದ ಕೋಟೆಯ ಬಾಗಿಲು ಹಾರು ಹೊಡೆದಿರುತ್ತದೆ.

ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ. ಇಲಿ, ಹೆಗ್ಗಣಗಳ ಪ್ರಯೋಗದಲ್ಲಿ ಸುಮಾರು 24 ಗಂಟೆಗೆ ಇವುಗಳ ಸಂಖ್ಯೆ ತುತ್ತತುದಿಗೆ ಏರುತ್ತದೆ. ನಮ್ಮ ಕೀವು ಅಂದರೆ ಬಹುಪಾಲು ಇವುಗಳ ಹೆಣ. ಬ್ಯಾಕ್ಟೀರಿಯಾ ಕೊಲ್ಲಲೆಂದೇ ಬಂದ ಇವು ಬ್ಲೀಚಿಂಗ್ ಪೌಡರಿನ ಜಾತಿಯ ರಾಸಾಯನಿಕ ಚೆಲ್ಲುತ್ತವೆ, ಪ್ರೋಟೀನು ಕತ್ತರಿಸುವ ಕಿಣ್ವಗಳನ್ನು ಬಿಡುತ್ತವೆ. ಕೊಳಕು ಕತ್ತಿಯಿಂದಾದ ಗಾಯಕ್ಕೆ ಇದು ಬೇಕು. ಆದರೆ ಮುಚ್ಚಿದ ಬೆನ್ನುಮೂಳೆಯೊಳಗೆ ಬ್ಯಾಕ್ಟೀರಿಯಾವೇ ಇಲ್ಲವಲ್ಲ! ಶತ್ರು ಇಲ್ಲದ ರಣರಂಗದಲ್ಲಿ ಬಾಣ ಬಿಟ್ಟ ಹಾಗೆ. ಪೆಟ್ಟು ಬೀಳುವುದು ಅಂಚಿನಲ್ಲಿ ಉಳಿದುಕೊಂಡಿದ್ದ ನರತಂತುಗಳಿಗೆ, ರಕ್ತನಾಳಗಳಿಗೆ. ಬಾಗಿಲು ಇನ್ನಷ್ಟು ಅಗಲವಾಗುತ್ತದೆ, ಇನ್ನಷ್ಟು ಕೋಶಗಳು ಒಳಗೆ ಬರುತ್ತವೆ. ಬಿದ್ದಾಗ ಆದ ಗಾಯಕ್ಕಿಂತ ಮೂರನೇ ದಿನದ ಗಾಯ ದೊಡ್ಡದಿರುವುದಕ್ಕೆ ಇದೊಂದು ಕಾರಣ. ಊತದ ಒತ್ತಡ, ರಕ್ತ ಸಿಗದೆ ಕೋಶಗಳು ಸಾಯುವುದು, ಇವೆಲ್ಲ ಜೊತೆಗೆ ಇದ್ದೇ ಇರುತ್ತವೆ. ಡಾಕ್ಟರುಗಳು ಇದನ್ನು ಎರಡನೇ ಹಂತದ ಗಾಯ ಎನ್ನುತ್ತಾರೆ.

ನ್ಯೂಟ್ರೋಫಿಲ್‌ಗಳು ಬೇಗ ಸಾಯುತ್ತವೆ. ಎರಡು ಮೂರು ದಿನದ ಹೊತ್ತಿಗೆ ಬರತೊಡಗುವವು ಮಾನೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳು. ಅಂಗಾಂಶದೊಳಗೆ ಇಳಿದ ಮೇಲೆ ಅವು ಮ್ಯಾಕ್ರೋಫೇಜ್ ಆಗುತ್ತವೆ. ಹೆಸರಿನ ಅರ್ಥವೇ ದೊಡ್ಡ ತಿನ್ನುಬಾಕ. ಸುಮಾರು ಒಂದು ವಾರಕ್ಕೆ ಗಾಯದ ನಡುಭಾಗ ಇವುಗಳಿಂದ ತುಂಬಿಹೋಗುತ್ತದೆ. ಇವು ಎಲ್ಲಿಂದ ಬರುತ್ತವೆ ಎಂಬುದರಲ್ಲೂ ಒಂದು ಸ್ವಾರಸ್ಯವಿದೆ. ರಕ್ತದಿಂದ ಬರುವುದು ಗೊತ್ತಿದ್ದ ವಿಷಯ. ಆದರೆ 2021ರಲ್ಲಿ ಇಲಿಗಳಲ್ಲಿ ಕಂಡದ್ದೇನೆಂದರೆ, ಪಕ್ಕದ ಬೆನ್ನುಮೂಳೆಯ ಮಜ್ಜೆಯಿಂದಲೇ ಸಣ್ಣ ಸಣ್ಣ ಕಾಲುವೆಗಳ ಮೂಲಕ ಒಂದಿಷ್ಟು ಕೋಶಗಳು ನೇರವಾಗಿ ಹುರಿಯ ಹೊದಿಕೆಗೆ ಇಳಿಯುತ್ತವೆ. ರಕ್ತದ ದಾರಿಯಲ್ಲಿ ಬಂದವು ಹೆಚ್ಚು ಸಿಡುಕು, ಪಕ್ಕದ ಮನೆಯಿಂದ ಬಂದವು ಸ್ವಲ್ಪ ತಾಳ್ಮೆಯವು. ಬಂದ ದಾರಿಯೂ ಸ್ವಭಾವದಲ್ಲಿ ಕಾಣುತ್ತದೆ, ನೋಡಿ.

ಈಗ ಒಂದು ಮ್ಯಾಕ್ರೋಫೇಜನ್ನು ಹತ್ತಿರದಿಂದ ನೋಡೋಣ.

ಅದರ ಮುಂದೆ ಬಿದ್ದಿರುವ ಕಸದಲ್ಲಿ ಹೆಚ್ಚಿನ ಪಾಲು ಮಯೆಲಿನ್. ನರತಂತುವಿನ ಸುತ್ತ, ವೈರಿನ ಮೇಲಿನ ಪ್ಲಾಸ್ಟಿಕ್ಕಿನ ಹಾಗೆ, ಪದರ ಪದರವಾಗಿ ಸುತ್ತಿಕೊಂಡಿರುವ ಹೊದಿಕೆ ಇದು. ನೀರಿನ ಅಂಶ ತೆಗೆದರೆ ಮುಕ್ಕಾಲು ಭಾಗ ಬರೀ ಕೊಬ್ಬು. ಗಾಯವಾದ ಜಾಗದಲ್ಲಿ ಇದು ಚೂರು ಚೂರಾಗಿ ಹರಡಿರುತ್ತದೆ. ಈ ಚೂರುಗಳು ಅಲ್ಲೇ ಇದ್ದರೆ ನರತಂತು ಬೆಳೆಯುವುದಿಲ್ಲ, ಯಾಕೆಂದರೆ ‘ಇಲ್ಲಿಂದ ಮುಂದೆ ಬರಬೇಡ’ ಎನ್ನುವ ಪ್ರೋಟೀನುಗಳು ಅದರಲ್ಲಿವೆ. ಹಾಗಾಗಿ ಯಾರಾದರೂ ಇದನ್ನು ತೆಗೆಯಲೇಬೇಕು. ಮ್ಯಾಕ್ರೋಫೇಜ್ ಶ್ರದ್ಧೆಯಿಂದ ತಿನ್ನಲು ಶುರು ಮಾಡುತ್ತದೆ.

ತಿನ್ನುವುದೇನೋ ತಿಂದಿತು, ಅರಗಬೇಕಲ್ಲ? ಮಯೆಲಿನ್‌ನಲ್ಲಿ ಕೊಲೆಸ್ಟ್ರಾಲ್ ಬಹಳ. ನಮ್ಮ ಕೋಶಗಳಿಗೆ ಕೊಲೆಸ್ಟ್ರಾಲನ್ನು ಒಡೆದು ಪುಡಿಮಾಡಲು ಬರುವುದಿಲ್ಲ. ಹೊರಗೆ ಸಾಗಿಸಬಹುದು, ಅಷ್ಟೇ. ಸಾಗಿಸುವ ವೇಗಕ್ಕಿಂತ ತಿನ್ನುವ ವೇಗ ಜಾಸ್ತಿಯಾದಾಗ ಒಳಗೆ ಕೊಬ್ಬಿನ ಹನಿಗಳು ತುಂಬಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ಮೈಯೆಲ್ಲ ಸೋಪಿನ ನೊರೆ. ಇದಕ್ಕೆ ನೊರೆಕೋಶ ಅಂತಲೇ ಹೆಸರು. ಹೃದಯದ ರಕ್ತನಾಳದಲ್ಲಿ ಬ್ಲಾಕ್ ಆದಾಗ ಅಲ್ಲಿ ಸಿಗುವುದೂ ಇಂಥದ್ದೇ ಕೋಶ. ವಯಸ್ಸಾದ ಇಲಿಗಳ ನರಮಂಡಲದಲ್ಲಿ ಈ ಕೊಲೆಸ್ಟ್ರಾಲ್ ಸೂಜಿಯಂಥ ಹರಳುಗಳಾಗಿ, ತಿಂದ ಕೋಶವನ್ನೇ ಒಳಗಿಂದ ಚುಚ್ಚಿ, ಮತ್ತೆ ಉರಿಯೂತ ಎಬ್ಬಿಸಿದ್ದನ್ನು 2018ರಲ್ಲಿ ಕಂಡಿದ್ದಾರೆ.

ಸಾಲದ್ದಕ್ಕೆ ಗಾಯದಲ್ಲಿ ಸುರಿದ ರಕ್ತ ಬೇರೆ. ಕೆಂಪು ಕಣಗಳನ್ನು ತಿಂದ ಮ್ಯಾಕ್ರೋಫೇಜಿನ ಹೊಟ್ಟೆಯಲ್ಲಿ ಕಬ್ಬಿಣ ಸೇರುತ್ತದೆ. ಕಬ್ಬಿಣ ಜಾಸ್ತಿಯಾದಷ್ಟೂ ಅದರ ಸ್ವಭಾವ ಕೆಡುತ್ತದೆ. ಗುಡಿಸಿ ಹೋಗಬೇಕಿದ್ದದ್ದು ಕಿರುಚುತ್ತಾ ಕೂರುತ್ತದೆ.

ಬೆರಳಿನ ಗಾಯದಲ್ಲಿ ಇದೇ ಕೋಶ ಮೊದಲು ಸಿಟ್ಟಿನಲ್ಲಿ ಬಂದು, ಮೂರ್ನಾಲ್ಕು ದಿನಕ್ಕೆ ಶಾಂತವಾಗಿ, ರಿಪೇರಿಗೆ ಇಳಿದು, ಆಮೇಲೆ ಹೊರಟುಹೋಗುತ್ತಿತ್ತು. ಬೆನ್ನುಹುರಿಯಲ್ಲಿ ಶಾಂತವಾಗುವ ಆ ಹಂತ ಬರುತ್ತದೆ, ಆದರೆ ಉಳಿಯುವುದಿಲ್ಲ. 2009ರಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಇಲಿಗಳಲ್ಲಿ ಇದನ್ನು ತೋರಿಸಿತು. ರಿಪೇರಿ ಬಗೆಯ ಕೋಶಗಳು ಕೆಲವು ದಿನ ಕಾಣಿಸಿಕೊಂಡು ಕರಗಿಹೋದವು, ಸಿಡುಕು ಬಗೆಯವು ಉಳಿದವು. ಎಷ್ಟು ದಿನ ಉಳಿಯುತ್ತವೆ? ವಾರವಲ್ಲ, ತಿಂಗಳುಗಟ್ಟಲೆ. ಮನುಷ್ಯರ ಬೆನ್ನುಹುರಿಯಲ್ಲಂತೂ ಗಾಯವಾಗಿ ವರ್ಷಗಳ ನಂತರವೂ ಮಯೆಲಿನ್‌ನ ಅವಶೇಷ ಸಿಕ್ಕಿದೆ. ಗುಡಿಸುವವರು ಬಂದು ಕೂತರು, ಕಸವೂ ಉಳಿಯಿತು, ಅವರೂ ಉಳಿದರು.

ಇನ್ನೊಂದು ದೃಶ್ಯವಿದೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಮನಸ್ಸಿನಲ್ಲಿ ಉಳಿದದ್ದು ಅದೇ. ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ನರವಿಜ್ಞಾನಿ ಜೆರ್ರಿ ಸಿಲ್ವರ್ ಅವರ ತಂಡ ಗಾಜಿನ ತಟ್ಟೆಯಲ್ಲಿ ನರತಂತುಗಳನ್ನು ಬೆಳೆಸಿ, ಬೆಳವಣಿಗೆ ತಡೆಯುವ ಪದಾರ್ಥದ ಮೇಲೆ ಅವು ನಿಂತುಬಿಟ್ಟಾಗ ಮ್ಯಾಕ್ರೋಫೇಜುಗಳನ್ನು ಬಿಟ್ಟಿತು. 2008ರ ಪ್ರಯೋಗ. ಮ್ಯಾಕ್ರೋಫೇಜ್ ಹೋಗಿ ನಿಂತ ತಂತುವಿನ ತುದಿಯನ್ನು ಮುಟ್ಟುತ್ತದೆ, ಅಂಟಿಕೊಳ್ಳುತ್ತದೆ. ತಂತು ಸರ್ರನೆ ಹಿಂದಕ್ಕೆ ಸರಿಯುತ್ತದೆ, ಮುಟ್ಟಿದರೆ ಮುನಿಯ ಹಾಗೆ. ವ್ಯತ್ಯಾಸ ಇಷ್ಟೇ, ಮುಟ್ಟಿದರೆ ಮುನಿ ಸ್ವಲ್ಪ ಹೊತ್ತಿಗೆ ಮತ್ತೆ ಅರಳುತ್ತದೆ.

ಇಷ್ಟು ಓದಿದ ಮೇಲೆ ಯಾರಿಗಾದರೂ ಅನಿಸುವುದು ಒಂದೇ. ಈ ಕೋಶಗಳನ್ನೇ ತಡೆದುಬಿಟ್ಟರೆ ಆಯಿತಲ್ಲ? ಡಾಕ್ಟರುಗಳಿಗೂ ಹಾಗೇ ಅನಿಸಿತು.

ಉರಿಯೂತ ಇಳಿಸಲು ಸ್ಟೀರಾಯ್ಡ್‌ಗಿಂತ ಜೋರಾದ ಔಷಧ ಬೇರೆ ಯಾವುದಿದೆ? 1990ರಲ್ಲಿ ಅಮೆರಿಕದಲ್ಲಿ 487 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಹೊರಬಂತು. ಪೆಟ್ಟಾದ 8 ಗಂಟೆಯೊಳಗೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಭಾರಿ ಪ್ರಮಾಣದಲ್ಲಿ ಕೊಟ್ಟರೆ ಚಲನೆ ಸ್ವಲ್ಪ ಸುಧಾರಿಸುತ್ತದೆ ಅಂತ ಅದು ಹೇಳಿತು. ಜಗತ್ತಿನ ಎಮರ್ಜೆನ್ಸಿ ವಾರ್ಡುಗಳಲ್ಲೆಲ್ಲ ಅದು ರೂಢಿಯಾಯಿತು. ಆಮೇಲೆ ಅಂಕಿಅಂಶ ಕೆದಕಿದವರು ತಗಾದೆ ತೆಗೆದರು. ಒಟ್ಟು ರೋಗಿಗಳನ್ನು ನೋಡಿದರೆ ಲಾಭ ಕಾಣುವುದಿಲ್ಲ, ಎಂಟು ಗಂಟೆಯ ಗೆರೆ ಎಳೆದ ಮೇಲೆ ಮಾತ್ರ ಕಾಣುತ್ತದೆ. ಸೋಂಕು, ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಬೇರೆ. 2004ರಲ್ಲಿ ಇದೇ ಔಷಧವನ್ನು ತಲೆಗೆ ಪೆಟ್ಟಾದ ಹತ್ತು ಸಾವಿರ ಜನರ ಮೇಲೆ ಪರೀಕ್ಷಿಸಿದಾಗ, ಔಷಧ ಪಡೆದವರಲ್ಲಿ ಸಾವು ಜಾಸ್ತಿ ಎಂದು ಗೊತ್ತಾಯಿತು. 2013ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕರ ಮಾರ್ಗಸೂಚಿ ಬೆನ್ನುಹುರಿಗೂ ಇದು ಬೇಡ ಎಂದಿತು. 2017ರ ಇನ್ನೊಂದು ಮಾರ್ಗಸೂಚಿ, 8 ಗಂಟೆಯೊಳಗಾದರೆ ಕೊಡುವ ಆಯ್ಕೆ ಇಟ್ಟುಕೊಳ್ಳಬಹುದು ಎಂದಿತು. ಜಗಳ ಪೂರ್ತಿ ಮುಗಿದಿಲ್ಲ.

ಇದಕ್ಕಿಂತ ಮಜವಾದ ಜಗಳ ಮ್ಯಾಕ್ರೋಫೇಜುಗಳದ್ದು. 1998ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯ ಮಿಖಾಲ್ ಶ್ವಾರ್ಟ್ಜ್ ತಂಡ ಹೆಗ್ಗಣಗಳ ಕತ್ತರಿಸಿದ ಬೆನ್ನುಹುರಿಗೆ ಮ್ಯಾಕ್ರೋಫೇಜುಗಳನ್ನು ಹೊರಗಿನಿಂದ ಸೇರಿಸಿತು. ಹೆಗ್ಗಣಗಳ ಕಾಲು ಸ್ವಲ್ಪ ಆಡಿತು. ಮರುವರ್ಷವೇ ಓಹಾಯೊದ ಫಿಲಿಪ್ ಪೊಪೊವಿಚ್ ತಂಡ ಔಷಧ ಕೊಟ್ಟು ರಕ್ತದಿಂದ ಬರುವ ಮ್ಯಾಕ್ರೋಫೇಜುಗಳನ್ನು ಕಡಿಮೆ ಮಾಡಿತು. ಆ ಹೆಗ್ಗಣಗಳೂ ಚೇತರಿಸಿಕೊಂಡವು! ಹಾಕಿದರೂ ಒಳ್ಳೆಯದು, ತೆಗೆದರೂ ಒಳ್ಳೆಯದು. ಯಾರನ್ನು ನಂಬುವುದು?

ಶ್ವಾರ್ಟ್ಜ್ ಅವರ ದಾರಿ ಮನುಷ್ಯರವರೆಗೆ ಬಂತು. ರೋಗಿಯ ರಕ್ತದಿಂದಲೇ ಮಾನೋಸೈಟ್ ತೆಗೆದು, ಅದೇ ರೋಗಿಯ ಚರ್ಮದ ಚೂರಿನ ಜೊತೆ ಇಟ್ಟು, ಗಾಯ ವಾಸಿಮಾಡುವ ಬುದ್ಧಿ ಕಲಿಸಿ, ಎರಡು ವಾರದೊಳಗೆ ಬೆನ್ನುಹುರಿಗೆ ಚುಚ್ಚುವುದು. ಮೊದಲ ಪ್ರಯೋಗದಲ್ಲಿ 8 ಜನರ ಪೈಕಿ ಮೂವರು ಚೇತರಿಸಿಕೊಂಡಾಗ ಆಸೆ ಚಿಗುರಿತು. ಎರಡನೇ ಹಂತದಲ್ಲಿ 43 ಜನರಿದ್ದರು. ಕೋಶ ಪಡೆದ 26 ಜನರಲ್ಲಿ 7 ಮಂದಿ ಸುಧಾರಿಸಿದರು. ಪಡೆಯದ 17 ಜನರಲ್ಲಿ ಸುಧಾರಿಸಿದವರು 10! ಸಂಖ್ಯೆ ಸಣ್ಣದು, ಕೋಶಗಳೇ ಹಾಳುಮಾಡಿದವು ಅಂತ ಹೇಳಲಾಗದು. ಪ್ರಯೋಜನವಾಯಿತು ಅಂತಲೂ ಹೇಳುವ ಹಾಗಿಲ್ಲ.

ಇದನ್ನು ಬರೀ ಸೋಲಿನ ಕತೆ ಅಂದುಕೊಳ್ಳಬೇಕಿಲ್ಲ. ಗಾಯಕ್ಕೆ ಏನೂ ಮಾಡದೆಯೂ ಕೆಲವರು ತಾವಾಗಿಯೇ ಸುಧಾರಿಸುತ್ತಾರೆ ಎಂಬುದು ಆ 10 ಜನರಿಂದ ಗೊತ್ತಾಗುತ್ತದೆ. ‘ನಮ್ಮಲ್ಲಿ ಸ್ಟೆಮ್ ಸೆಲ್ ಚುಚ್ಚಿದರೆ ಎದ್ದು ನಡೆಯುತ್ತೀರಿ’ ಎಂದು ಲಕ್ಷಾಂತರ ರೂಪಾಯಿ ಕೇಳುವವರ ಮುಂದೆ ಕೂತಾಗ ಇದು ನೆನಪಿರಲಿ. ಹೋಲಿಸಿ ನೋಡಲು ಚುಚ್ಚಿಸಿಕೊಳ್ಳದವರ ಗುಂಪು ಇತ್ತೇ ಅಂತ ಕೇಳಿ.

ಹಾಕಿದರೂ ತೆಗೆದರೂ ಗುಣ ಕಂಡದ್ದು ಹೇಗೆ ಎಂಬುದಕ್ಕೆ ಈಗ ಸುಮಾರಾಗಿ ಉತ್ತರವಿದೆ. ಯಾವ ದಿನ, ಯಾವ ದಾರಿಯಲ್ಲಿ, ಯಾವ ಸ್ವಭಾವದ ಕೋಶ ಎಂಬುದೇ ಮುಖ್ಯ. ತಲೆ ಎಣಿಸಿ ಪ್ರಯೋಜನವಿಲ್ಲ. ಮೈಕ್ರೋಗ್ಲಿಯಾಗಳ ಕತೆಯನ್ನೇ ನೋಡಿ. ಔಷಧ ಕೊಟ್ಟು ಅವುಗಳನ್ನು ಪೂರ್ತಿ ತೆಗೆದ ಇಲಿಗಳಲ್ಲಿ ಗಾಯ ಇನ್ನೂ ಕೆಟ್ಟಿತು. ಯಾಕೆಂದರೆ ಮೊದಲ ವಾರದಲ್ಲಿ ಅವು ಗಾಯದ ಸುತ್ತ ದಟ್ಟವಾಗಿ ನಿಂತು, ಆಸ್ಟ್ರೋಸೈಟ್ ಎಂಬ ಕೋಶಗಳ ಜೊತೆ ಸೇರಿ ಬೇಲಿ ಕಟ್ಟುತ್ತವೆ. ಒಳಗಿನ ಸಿಡುಕು ಕೋಶಗಳು ಒಳ್ಳೆಯ ಭಾಗಕ್ಕೆ ಹಬ್ಬದಂತೆ ತಡೆಯುವುದು ಆ ಬೇಲಿ. ಗಾಯದ ಕಲೆ ನರ ಬೆಳೆಯಲು ಅಡ್ಡಿ ಅಂತ ಎಷ್ಟೋ ವರ್ಷ ಬೈಯುತ್ತಿದ್ದೆವು. ಬೇಲಿ ಕಿತ್ತರೆ ದನ ನುಗ್ಗುತ್ತದೆ ಎಂಬುದು ಆಮೇಲೆ ತಿಳಿಯಿತು.

2020ರಲ್ಲಿ ಬೋಸ್ಟನ್ ಮಕ್ಕಳ ಆಸ್ಪತ್ರೆಯ ಝಿಗಾಂಗ್ ಹೆ ತಂಡ ಹುಟ್ಟಿ ಎರಡೇ ದಿನವಾದ ಇಲಿಮರಿಗಳ ಬೆನ್ನುಹುರಿಯನ್ನು ಜಜ್ಜಿ ನೋಡಿತು. ಕಲೆಯೇ ಇಲ್ಲದೆ ಗಾಯ ಕೂಡಿಕೊಂಡಿತು. ನರತಂತುಗಳು ದಾಟಿ ಬೆಳೆದವು. ಮೈಕ್ರೋಗ್ಲಿಯಾ ತೆಗೆದ ಮರಿಗಳಲ್ಲಿ ಹಾಗಾಗಲಿಲ್ಲ. ಮರಿಗಳ ಮೈಕ್ರೋಗ್ಲಿಯಾ ಎರಡು ಕೆಲಸ ಮಾಡುತ್ತಿತ್ತು. ಫೈಬ್ರೊನೆಕ್ಟಿನ್ ಎಂಬ ಅಂಟಿನಂಥ ಪ್ರೋಟೀನು ಸುರಿದು ಹರಿದ ತುದಿಗಳಿಗೆ ಸೇತುವೆ ಹಾಕುತ್ತಿತ್ತು. ಪ್ರೋಟೀನು ಕತ್ತರಿಸುವ ಕಿಣ್ವಗಳನ್ನು ತಡೆದು ಉರಿಯೂತವನ್ನೂ ಆರಿಸುತ್ತಿತ್ತು. ಆಮೇಲೆ ಬೇಗನೆ ತನ್ನ ಹಳೆಯ ಶಾಂತ ರೂಪಕ್ಕೆ ಮರಳುತ್ತಿತ್ತು. ದೊಡ್ಡ ಇಲಿಯ ಮೈಕ್ರೋಗ್ಲಿಯಾಗೆ ಅದೇ ಬಗೆಯ ಕಿಣ್ವತಡೆಯ ಔಷಧ ಕೊಟ್ಟು ದೊಡ್ಡ ಇಲಿಗೇ ಸೇರಿಸಿದಾಗಲೂ ಗಾಯ ಸ್ವಲ್ಪ ಚೆನ್ನಾಗಿ ಕೂಡಿತು. ಇದಿನ್ನೂ ಇಲಿಯ ಮಾತು, ಮನುಷ್ಯರದ್ದಲ್ಲ.

ಇದುವರೆಗೆ ಹೇಳಿದ್ದೆಲ್ಲ ಗಾಯದ ಜಾಗದ್ದು. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿದೆ, ಅದರ ಬಗ್ಗೆ ಮಾತು ಕಡಿಮೆ. ಬೆನ್ನುಹುರಿಯೊಳಗೆ ರೋಗನಿರೋಧಕ ಕೋಶಗಳು ಅಬ್ಬರಿಸುತ್ತಿರುವಾಗಲೇ, ಉಳಿದ ದೇಹದಲ್ಲಿ ಅವು ಸೊರಗುತ್ತವೆ. ನ್ಯುಮೋನಿಯಾ, ಮೂತ್ರದ ಸೋಂಕು, ಕೀವಾದ ಬೆಡ್ ಸೋರ್ ಇಂಥವರನ್ನು ಪದೇ ಪದೇ ಕಾಡುತ್ತವೆ. ಕೆಮ್ಮಲು ಶಕ್ತಿಯಿಲ್ಲ, ಮಲಗಿಯೇ ಇರುತ್ತಾರೆ, ಅದಕ್ಕೆ ಹೀಗೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ನಿಜವೇ, ಆದರೆ ಪೂರ್ತಿ ನಿಜವಲ್ಲ.

ಬಿಳಿ ಕಣಗಳ ದೊಡ್ಡ ಠಾಣೆ ಗುಲ್ಮ, ಅಂದರೆ ಸ್ಪ್ಲೀನ್. ಇದಕ್ಕೆ ನರದ ಸಂಪರ್ಕವಿದೆ. ಮಿದುಳಿನ ಹತೋಟಿ ಬೆನ್ನುಹುರಿಯ ಎದೆಭಾಗದ ಮೂಲಕ ಅಲ್ಲಿಗೆ ಇಳಿಯುತ್ತದೆ. ಕುತ್ತಿಗೆಯಲ್ಲೋ ಎದೆಯ ಮೇಲ್ಭಾಗದಲ್ಲೋ ಹುರಿ ಜಜ್ಜಿದರೆ ಈ ಹತೋಟಿ ತಪ್ಪುತ್ತದೆ. ಆಗ ಗಾಯದ ಕೆಳಗಿನ ಬೆನ್ನುಹುರಿ ಯಜಮಾನನಿಲ್ಲದ ಮನೆಯ ಹಾಗೆ. ಸಣ್ಣ ಕಿರಿಕಿರಿಗೂ ದೊಡ್ಡ ರಂಪ. ಮೂತ್ರಕೋಶ ತುಂಬಿದರೆ, ಮಲ ಗಟ್ಟಿಯಾಗಿ ನಿಂತರೆ, ಕಾಲಿನ ಉಗುರು ಒಳಗೆ ಚುಚ್ಚಿದರೆ ಸಾಕು. ರೋಗಿಗೆ ಅದರ ನೋವು ಗೊತ್ತಾಗುವುದಿಲ್ಲ, ಆದರೆ ರಕ್ತದೊತ್ತಡ ಒಮ್ಮೆಗೇ ಏರುತ್ತದೆ, ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ. ಎದೆಭಾಗದ ಆರನೇ ಬೆನ್ನುಮೂಳೆ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಇದು ಆಗುತ್ತದೆ. ಅದು ಎಮರ್ಜೆನ್ಸಿ. ಎಬ್ಬಿಸಿ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಕ್ಯಾತಿಟರ್ (ಮೂತ್ರ ಹೊರಹೋಗಲು ಹಾಕಿದ ನಳಿಕೆ) ಕಟ್ಟಿಕೊಂಡಿದೆಯೇ ಮೊದಲು ನೋಡಬೇಕು. ಕಾರಣ ಸಿಗದೆ ಒತ್ತಡ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ.

ಈ ರಂಪದ ಹೊತ್ತಿನಲ್ಲಿ ಗುಲ್ಮಕ್ಕೆ ಹೋಗುವ ನರಗಳೂ ಅತಿಯಾಗಿ ಕೆಲಸ ಮಾಡುತ್ತವೆ. 2013ರಲ್ಲಿ ಪೊಪೊವಿಚ್ ಅವರ ತಂಡವೇ ಇಲಿಗಳಲ್ಲಿ ಇದನ್ನು ಅಳೆಯಿತು. ಹೀಗೆ ರಕ್ತದೊತ್ತಡ ಏರಿದಷ್ಟೂ ಸಲ ಗುಲ್ಮದೊಳಗೆ ನರಗಳು ಬಿಡುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿದು ಬಿಳಿ ಕಣಗಳು ಸಾಯುತ್ತಿದ್ದವು, ಗುಲ್ಮ ಸಣ್ಣದಾಗುತ್ತಿತ್ತು. ಗಾಯವಾದ ಬಳಿಕ ದಿನ ಕಳೆದಂತೆ ಆ ರಂಪ ಹೆಚ್ಚುತ್ತಾ ಹೋಗಿ, ರೋಗನಿರೋಧಕ ಶಕ್ತಿಯ ಕುಸಿತ ದೀರ್ಘಕಾಲದ್ದಾಯಿತು. ಆ ನರಗಳ ಸಂದೇಶವನ್ನು ಔಷಧದಿಂದ ತಡೆದಾಗ ಅದನ್ನು ಮತ್ತೆ ಸರಿಪಡಿಸಲೂ ಆಯಿತು.

ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾತಿಟರ್ ಹಾಕಿ ಮೂತ್ರ ತೆಗೆಯಿರಿ, ರಾತ್ರಿ ಅಲಾರಂ ಇಟ್ಟಾದರೂ ಸರಿ ಅಂತ ಪುನರ್ವಸತಿ ಕೇಂದ್ರದ ನರ್ಸ್ ಹೇಳಿದಾಗ ಮನೆಯವರಿಗೆ ಅದು ಕಿಡ್ನಿ ಉಳಿಸುವ ಮಾತು ಅಂತ ಮಾತ್ರ ಕೇಳಿಸುತ್ತದೆ. ಎದೆಯ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಆ ಅಲಾರಂ ಗುಲ್ಮಕ್ಕೂ ಹೊಡೆಯುತ್ತಿರುತ್ತದೆ.